ಹದಿನಾಲ್ಕು ಅಡಿಯೋ, ಹದಿನಾರು ಅಡಿಯೋ?

ಮಿನ್ನೆಸೋಟಾದಲ್ಲಿ ಏಪ್ರಿಲ್ ಕೊನೆಗೆ ದೊಡ್ಡ ಸರೋವರಗಳ ಮಂಜುಗಡ್ಡೆ ಒಡೆಯುತ್ತದೆ. ಅದರ ಬೆನ್ನಿಗೇ ಮನೆಗಳ ಅಂಗಳದಲ್ಲಿ ಟ್ರೈಲರ್ ಮೇಲೆ ಕೂತ ದೋಣಿಗಳು ‘ಮಾರಾಟಕ್ಕಿದೆ’ ಎಂಬ ಬೋರ್ಡು ತಗುಲಿಸಿಕೊಂಡು ರಸ್ತೆಗೆ ಮುಖ ಮಾಡಿ ನಿಲ್ಲುತ್ತವೆ. ಹೋದ ವರ್ಷ ಅಂಥ ಎರಡು ದೋಣಿಗಳ ನಡುವೆ ನಾನು ಮೂರು ವಾರ ಓಡಾಡಿದೆ. ಎರಡೂ ಅಲ್ಯೂಮಿನಿಯಂ, ಎರಡೂ ಹಳೆಯವು, ಎರಡಕ್ಕೂ ಹಿಂಬದಿಯ ಹಲಗೆಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್. ಒಂದು 14 ಅಡಿಯದು, 20 ಹಾರ್ಸ್‌ಪವರ್. ಹಿಂದೆ ಕೂತು ಎಂಜಿನ್ನಿನ ಹಿಡಿಯನ್ನೇ ತಿರುಗಿಸಿ ನಡೆಸಬೇಕು. ಇನ್ನೊಂದು 16 ಅಡಿ, 40 ಹಾರ್ಸ್‌ಪವರ್, ಕಾರಿನಂತೆ ಸ್ಟೀರಿಂಗ್. ಬೆಲೆಯಲ್ಲಿ ದೊಡ್ಡದು ಸಣ್ಣದರ ಎರಡು ಪಟ್ಟಿನ ಹತ್ತಿರ ಇತ್ತು. ಹಣದ ಚಿಂತೆಗಿಂತ ನನ್ನನ್ನು ಕಾಡಿದ್ದು ಬೇರೆ: ಎರಡು ಅಡಿಯ ವ್ಯತ್ಯಾಸಕ್ಕೆ ಇಷ್ಟೊಂದು ಯೋಚನೆ ಬೇಕೇ?

ಬೇಕು. ದೋಣಿಯ ಲೆಕ್ಕದಲ್ಲಿ ಎರಡು ಅಡಿ ಅಂದರೆ ಬರೀ ಎರಡು ಅಡಿಯಲ್ಲ. ಟೇಪು ಹಿಡಿದು ಅಳೆದಾಗ ಸಣ್ಣದರ ಅಗಲ 62 ಇಂಚು, ದೊಡ್ಡದರದು 72. ಉದ್ದಕ್ಕೆ ಅಗಲ ಗುಣಿಸಿದರೆ ಒಂದು ಸುಮಾರು 72 ಚದರ ಅಡಿ, ಇನ್ನೊಂದು 96. ಉದ್ದ ಏಳರಲ್ಲಿ ಒಂದು ಪಾಲು ಹೆಚ್ಚಿದರೆ ನೀರಿನ ಮೇಲೆ ಹರಡುವ ಜಾಗ ಮೂರರಲ್ಲಿ ಒಂದು ಪಾಲು ಹೆಚ್ಚುತ್ತದೆ. ಬದಿಗಳು ಎತ್ತರವಾಗುತ್ತವೆ, ತಳ ಆಳವಾಗುತ್ತದೆ. ಜೊತೆಗೆ ತೂಕವೂ ಏರುತ್ತದೆ. ಸಣ್ಣ ದೋಣಿ ಸುಮಾರು 120 ಕಿಲೋ, ಅದರ ಎಂಜಿನ್ 50ರ ಆಸುಪಾಸು. ದೊಡ್ಡದು 195 ಕಿಲೋ, ಎಂಜಿನ್ ಒಂದೇ ನೂರು ಕಿಲೋದ ಹತ್ತಿರ. ಸಣ್ಣದನ್ನು ನಾನೊಬ್ಬನೇ ಟ್ರೈಲರಿನಿಂದ ಜಾರಿಸಿ ನೀರಿಗೆ ಬಿಡಬಲ್ಲೆ. ದೊಡ್ಡದಕ್ಕೆ, ಅದರಲ್ಲೂ ಗಾಳಿ ಇರುವ ದಿನ, ಇನ್ನೊಬ್ಬರ ಕೈ ಬೇಕೇ ಬೇಕು.

ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕದಾದ ಇಂಥ ಎಂಜಿನ್ ದೋಣಿಗಳಿಗೆಲ್ಲ ಒಳಗೋಡೆಯ ಮೇಲೆ ಒಂದು ಪುಟ್ಟ ತಗಡಿನ ಫಲಕ ಇರಲೇಬೇಕು. ಎಷ್ಟು ಜನ, ಒಟ್ಟು ಎಷ್ಟು ತೂಕ, ಎಷ್ಟು ಹಾರ್ಸ್‌ಪವರಿನ ಎಂಜಿನ್ ಎಂದು ಅದರ ಮೇಲೆ ಕೊರೆದಿರುತ್ತದೆ. ಬಣ್ಣ, ಸೀಟು, ಸ್ಟೀರಿಂಗು ಎಲ್ಲವನ್ನೂ ನೋಡಿ ಮುಗಿಸಿ ಕೊನೆಗೆ ಈ ಫಲಕದತ್ತ ಕಣ್ಣು ಹಾಯಿಸುವವರೇ ಹೆಚ್ಚು. ಮೊದಲು ಓದಬೇಕಾದದ್ದು ಅದನ್ನೇ. ನಾನು ನೋಡಿದ ಸಣ್ಣ ದೋಣಿಯಲ್ಲಿ ನಾಲ್ಕು ಜನ ಅಥವಾ 550 ಪೌಂಡ್ ಎಂದಿತ್ತು, ಅಂದರೆ 250 ಕಿಲೋ. ದೊಡ್ಡದರಲ್ಲಿ ಐದು ಜನ, 700 ಪೌಂಡ್. ನಮ್ಮ ಮನೆಯಲ್ಲಿ ನಾವಿಬ್ಬರು, ಮಕ್ಕಳಿಬ್ಬರು. ಬೇಸಿಗೆಯ ಮೂರು ತಿಂಗಳು ಗಂಗೊಳ್ಳಿಯಿಂದ ಅಪ್ಪಯ್ಯ ಬಂದರೆ ಐದಾಗುತ್ತೇವೆ. ಫಲಕದ ಮಾತು ಕೇಳಿದರೆ ಅಲ್ಲಿಗೇ ತೀರ್ಮಾನ ಆಗಬೇಕಿತ್ತು. ಆಗಲಿಲ್ಲ.

ಆ ಫಲಕದಲ್ಲಿರುವ ಅಂಕಿ ಶಾಂತ ನೀರಿನದು. ಅದು ನನಗೆ ಗೊತ್ತಾದದ್ದು ನಾಲ್ಕು ವರ್ಷಗಳ ಹಿಂದೆ, ಮಿಲ್‌ಲ್ಯಾಕ್ಸ್ ಸರೋವರದ ನಡುವೆ. ನಾವು ಮೂವರು ಗೆಳೆಯರು ಒಂದು ರೆಸಾರ್ಟಿನಲ್ಲಿ 14 ಅಡಿಯ ದೋಣಿ ಬಾಡಿಗೆಗೆ ಪಡೆದು ವಾಲೈ ಮೀನಿಗೆ ಹೋಗಿದ್ದೆವು. ಮಿಲ್‌ಲ್ಯಾಕ್ಸ್ 500 ಚದರ ಕಿಲೋಮೀಟರಿಗೂ ಹೆಚ್ಚು ಹರಡಿದೆ. ಆಳ ಮಾತ್ರ ಎಲ್ಲೂ 42 ಅಡಿ ದಾಟುವುದಿಲ್ಲ. ಇಷ್ಟು ಅಗಲವಾದ, ಇಷ್ಟು ತೆಳುವಾದ ನೀರಿನ ಮೇಲೆ ಗಾಳಿ ಎದ್ದರೆ ಅಲೆಗಳು ಕಡಲಿನಂತೆ ಉದ್ದುದ್ದ ಉರುಳಿ ಬರುವುದಿಲ್ಲ. ಕಡಿದಾಗಿ, ಒಂದರ ಹಿಂದೆ ಒಂದು ಒತ್ತೊತ್ತಾಗಿ ಏಳುತ್ತವೆ. ಮಧ್ಯಾಹ್ನ ಎರಡು ಗಂಟೆಗೆ ವಾಯವ್ಯದ ಗಾಳಿ ಶುರುವಾಯಿತು. ದಡ ಇದ್ದದ್ದು ಗಾಳಿ ಬೀಸುವ ದಿಕ್ಕಿಗೇ. ಅಲೆಗಳು ಬೆನ್ನಟ್ಟಿದವು. ಮೂತಿ ನೀರಿಗೆ ಕುತ್ತುತ್ತದೆಂದು ಹೆದರಿ ನಾನು ವೇಗ ತಗ್ಗಿಸಿದೆ. ತಗ್ಗಿಸಿದ ಕೂಡಲೇ ಹಿಂದಿನ ಅಲೆ ನಮ್ಮನ್ನು ಮುಟ್ಟಿತು. ಎಂಜಿನ್ ಕೂರಿಸಲೆಂದು ಹಿಂಬದಿಯ ಹಲಗೆಯ ನಡುಭಾಗವನ್ನು ತಗ್ಗಿಸಿ ಕತ್ತರಿಸಿರುತ್ತಾರಲ್ಲ, ನೀರು ನುಗ್ಗಿದ್ದು ಅಲ್ಲಿಂದ. ಸಣ್ಣ ಎಂಜಿನ್ನಿನ ಹಲವು ದೋಣಿಗಳಲ್ಲಿ ಆ ಕಡೆ ಎತ್ತರ 15 ಇಂಚು ಮಾತ್ರ. ಐಸ್ ಪೆಟ್ಟಿಗೆ, ಪೆಟ್ರೋಲ್ ಡಬ್ಬ, ಬ್ಯಾಟರಿ, ನಾನು, ಎಲ್ಲವೂ ಹಿಂದೆಯೇ ಇದ್ದೆವು. ಪಾದ ಮುಳುಗುವಷ್ಟು ನೀರು ಒಳಗಿತ್ತು. ಒಬ್ಬ ಗೆಳೆಯ ಮೀನಿನ ಗಾಳದ ಹುಳು ಹಾಕುವ ಬಕೆಟ್ಟಿನಲ್ಲಿ ಅದನ್ನು ಮೊಗೆಮೊಗೆದು ಚೆಲ್ಲಿದ. ಇನ್ನೊಬ್ಬನನ್ನೂ ಪೆಟ್ಟಿಗೆಯನ್ನೂ ಮುಂದಕ್ಕೆ ಕಳಿಸಿ, ಅಲೆಯ ವೇಗಕ್ಕೆ ವೇಗ ಹೊಂದಿಸಿಕೊಂಡು ದಡ ಸೇರಿದೆವು. ಮೇ ತಿಂಗಳ ನೀರು, ಹತ್ತು ಡಿಗ್ರಿಯ ಆಸುಪಾಸು. ಬಿದ್ದಿದ್ದರೆ ಈಜು ಬಂದಿದ್ದರೂ ಕೈಕಾಲು ಎಷ್ಟು ಹೊತ್ತು ಮಾತು ಕೇಳುತ್ತಿದ್ದವು?

ಫಲಕದ ಪ್ರಕಾರ ಆ ದಿನ ದೋಣಿಯಲ್ಲಿ ಇನ್ನೊಬ್ಬರಿಗೆ ಜಾಗ ಇತ್ತು.

ಈ ನಾಡಿನಲ್ಲಿ ಇಂಥ ದೋಣಿಗಳು ಮನೆಮನೆಗೆ ಬಂದದ್ದಕ್ಕೊಂದು ಕಥೆಯಿದೆ. ನಾರ್ವೆಯಿಂದ ವಲಸೆ ಬಂದ ಓಲೆ ಎವಿನ್‌ರೂಡ್ ಪಕ್ಕದ ವಿಸ್ಕಾನ್ಸಿನ್‌ನ ಮಿಲ್ವಾಕಿಯಲ್ಲಿ 1909ರ ಹೊತ್ತಿಗೆ ತನ್ನ ಔಟ್‌ಬೋರ್ಡ್ ಎಂಜಿನ್ ಮಾರಾಟಕ್ಕೆ ತಂದ. ಎರಡನೆಯ ಮಹಾಯುದ್ಧ ಮುಗಿದಾಗ ವಿಮಾನಕ್ಕೆ ಬೇಕಾಗಿದ್ದ ಅಲ್ಯೂಮಿನಿಯಂ ಹಾಳೆ, ಅದಕ್ಕೆ ರಿವೆಟ್ ಹೊಡೆಯುವ ಕಸುಬು ಎರಡೂ ಬೇರೆ ಕೆಲಸ ಹುಡುಕುತ್ತಿದ್ದವು. ಮಿನ್ನೆಸೋಟಾದ ನ್ಯೂಯಾರ್ಕ್ ಮಿಲ್ಸ್ ಎಂಬ ಸಣ್ಣ ಊರಿನಲ್ಲಿ ಹೊವಾರ್ಡ್ ಲುಂಡ್ 1948ರಲ್ಲಿ ಶುರು ಮಾಡಿದ ದೋಣಿ ಕಂಪನಿ ಇವತ್ತಿಗೂ ಅಲ್ಲೇ ಇದೆ. ಹತ್ತು ಎಕರೆಯ ಅಥವಾ ಅದಕ್ಕಿಂತ ದೊಡ್ಡದಾದ 11,842 ಸರೋವರಗಳಿರುವ ರಾಜ್ಯ ಇದು. ಮರದ ದೋಣಿಯಂತೆ ಪ್ರತಿ ವರ್ಷ ಬಣ್ಣ, ಡಾಂಬರು ಕೇಳದ, ಕಲ್ಲಿಗೆ ತಗುಲಿದರೆ ನೆಗ್ಗಿ ಸುಮ್ಮನಾಗುವ ಹಗುರ ದೋಣಿ ಇಲ್ಲಿಯ ಜನಕ್ಕೆ ಹಿಡಿಸಿತು.

ಅಪ್ಪಯ್ಯ ಮೇ ಮೊದಲ ವಾರ ಬಂದರು. ಗಂಗೊಳ್ಳಿಯ ಅಳಿವೆಯಲ್ಲಿ, ಪಂಚಗಂಗಾವಳಿ ಕಡಲು ಸೇರುವ ಕಡೆ, ನಾಡದೋಣಿಯಲ್ಲಿ ನಲವತ್ತು ವರ್ಷ ಬಲೆ ಬಿಟ್ಟವರು. ಹುಟ್ಟು ಹಾಕಿ ದುಡಿದು, ಆಮೇಲೆ ಸೀಮೆಎಣ್ಣೆಯ ಔಟ್‌ಬೋರ್ಡ್ ಬಂದಾಗ ಅದನ್ನೂ ಕಲಿತವರು. ಎರಡೂ ದೋಣಿ ನೋಡಲು ಅವರನ್ನೂ ಕರೆದುಕೊಂಡು ಹೋದೆ. ಅಲ್ಯೂಮಿನಿಯಂ ದೋಣಿಯನ್ನು ಅವರು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಬೆರಳ ಗೆಣ್ಣಿನಿಂದ ತಳವನ್ನು ತಟ್ಟಿದರು. ಹಿಂದೆ ಹೋಗಿ ಹಲಗೆಯನ್ನೂ ತಟ್ಟಿದರು. ಹೊರಗೆ ಅಲ್ಯೂಮಿನಿಯಂ ಕಂಡರೂ ಒಳಗಿರುವುದು ಪ್ಲೈವುಡ್ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಸದ್ದು ಮಂಕಾದ ಕಡೆ ಮರ ಕೊಳೆತಿದೆ ಎಂದೇ ಅರ್ಥ. ಎಂಜಿನ್ನನ್ನು ಮೇಲೆತ್ತಿ ಅದರ ಕಾಲನ್ನು ಹಿಡಿದು ಅಲ್ಲಾಡಿಸಿದಾಗ ಹಲಗೆ ಬಾಗಿದರೂ ಅದೇ ಕಥೆ.

ರಿವೆಟ್ಟುಗಳನ್ನು ನೋಡಲು ನಾನು ಇಲ್ಲಿಯ ಹಳಬರಿಂದ ಕಲಿತ ಉಪಾಯ ಮಾಡಿದೆ. ಮಾಲೀಕರ ಒಪ್ಪಿಗೆ ಪಡೆದು, ಟ್ರೈಲರ್ ಮೇಲೆ ಇದ್ದಂತೆಯೇ ತೋಟದ ಪೈಪಿನಿಂದ ದೋಣಿಯೊಳಗೆ ಎರಡು ಇಂಚು ನೀರು ತುಂಬಿಸುವುದು. ಹೊರಗಿನಿಂದ ಒಳಕ್ಕೆ ಬರುವ ನೀರನ್ನು ಹುಡುಕುವುದು ಕಷ್ಟ. ಒಳಗಿಂದ ಹೊರಕ್ಕೆ ಹೋಗುವ ನೀರು ತಾನೇ ತೋರಿಸಿಕೊಳ್ಳುತ್ತದೆ. ದೊಡ್ಡ ದೋಣಿಯ ತಳದಲ್ಲಿ ಸಾಲಾಗಿ ಒಂಬತ್ತು ಕಡೆ ಹನಿ ಕಟ್ಟಿತು. ಒಂದೊಂದೇ ಹನಿ ರಿವೆಟ್ಟಿನ ತಲೆಯ ಮೇಲೆ ಮಣಿಯಂತೆ ದಪ್ಪಗಾಗಿ ಬೀಳುವುದನ್ನು ಅಪ್ಪಯ್ಯ ಕುಕ್ಕರಗಾಲಲ್ಲಿ ಕೂತು ನೋಡಿದರು. ಸಣ್ಣದರಲ್ಲಿ ಎರಡೇ ಕಡೆ. ಒಂಬತ್ತು ರಿವೆಟ್ಟು ಬಿಗಿಸುವುದು ದೊಡ್ಡ ಕೆಲಸವೇನಲ್ಲ, ಅದೊಂದೇ ಕಾರಣಕ್ಕೆ ದೋಣಿ ಬಿಡಬೇಕಿಲ್ಲ. ಆದರೆ 40 ಹಾರ್ಸ್‌ಪವರಿನ ವೇಗದಲ್ಲಿ ಅಲೆಗೆ ಅಪ್ಪಳಿಸಿ ಅಪ್ಪಳಿಸಿ ಆ ದೋಣಿ ದುಡಿದಿತ್ತು ಎಂಬುದು ಗೊತ್ತಾಯಿತು.

“ಉದ್ದ ಎಷ್ಟಿದ್ರೂ ಆಯ್ತ್,” ಅಂದರು ಅಪ್ಪಯ್ಯ. “ಬದಿ ಎಷ್ಟ್ ಎತ್ರ ಇತ್ತ್ ಕಾಣ್. ಹಿಂದ್ ಎಷ್ಟ್ ತಗ್ಗ್ ಇತ್ತ್ ಕಾಣ್.”

ನೋಡಿದೆ. ದೊಡ್ಡದರ ಹಿಂಬದಿ 20 ಇಂಚು, ಸಣ್ಣದರದು ಅದೇ 15. ಬದಿಗಳಲ್ಲೂ ಒಂದು ಗೇಣಿನ ಅರ್ಧದಷ್ಟು ವ್ಯತ್ಯಾಸ. ಹಾಗಾದರೆ ದೊಡ್ಡದೇ ಸರಿ ಎಂದೆ. ಅವರು ತಲೆದೂಗಲಿಲ್ಲ.

“ನೀ ಹೋಪ್ದ್ ಯಾವ್ ನೀರಿಗೆ ಮಗಾ?”

ಮನೆಗೆ ಬಂದು ಹಳೆಯ ಫೋಟೋಗಳ ತಾರೀಖು ನೋಡಿ ಲೆಕ್ಕ ಹಾಕಿದೆ. ಮೂರು ಬೇಸಿಗೆಯಲ್ಲಿ ನಾನು ನೀರಿಗಿಳಿದದ್ದು 31 ಸಲ. ಮಿಲ್‌ಲ್ಯಾಕ್ಸ್‌ನಂಥ ದೊಡ್ಡ ನೀರಿಗೆ ನಾಲ್ಕು ಸಲ. ಉಳಿದದ್ದು ಹೆಚ್ಚುಕಮ್ಮಿ ಎಲ್ಲವೂ ಮನೆಯಿಂದ ಅರ್ಧ ಗಂಟೆಯ ಸಣ್ಣ ಸರೋವರಗಳಿಗೆ, ಹೆಚ್ಚಿನ ದಿನ ನಾನು ಮತ್ತು ಮಗ ಇಬ್ಬರೇ, ಕೆಲಸ ಮುಗಿಸಿ ಸಂಜೆ ಆರಕ್ಕೆ. ಎರಡು ಸಲ ಉತ್ತರದ ಬೌಂಡರಿ ವಾಟರ್ಸ್ ಕಾಡಿಗೆ. ಅಲ್ಲಿ ಎಂಜಿನ್ನಿಗೆ ಅವಕಾಶ ಇರುವುದೇ ಕೆಲವು ಸರೋವರಗಳಲ್ಲಿ, ಅವುಗಳಲ್ಲೂ ಹೆಚ್ಚಿನ ಕಡೆ ಮಿತಿ 25 ಹಾರ್ಸ್‌ಪವರ್ ಇಲ್ಲವೇ ಬರೀ 10. ನಲವತ್ತರ ಎಂಜಿನ್ ಹೊತ್ತು ಅಂಥ ಸರೋವರಗಳಿಗೆ ಹೋಗುವ ಹಾಗೇ ಇಲ್ಲ. ದೊಡ್ಡ ದೋಣಿ ತಂದರೆ ಆ ಸಂಜೆಗಳು ಕಡಿಮೆಯಾಗುತ್ತವೆ ಎಂಬುದು ನನಗೆ ಆಗ ಹೊಳೆಯಿತು. ಹತ್ತು ವರ್ಷದ ಮಗನ ಜೊತೆ ಅದನ್ನು ಇಳಿಸಿ ಏರಿಸುವುದು ಆಗದ ಮಾತು. ಜೊತೆಗೆ, ದೊಡ್ಡ ದೋಣಿ ಅಂಗಳದಲ್ಲಿದ್ದರೆ ಮನಸ್ಸು ದೊಡ್ಡ ನೀರಿಗೇ ಎಳೆಯುತ್ತದೆ. 16 ಅಡಿ ಅನ್ನುವುದು ಮಿಲ್‌ಲ್ಯಾಕ್ಸ್‌ನ ಗಾಳಿಗೆ 14 ಅಡಿಗಿಂತ ಎಷ್ಟೋ ವಾಸಿ, ಆದರೆ ಅದಕ್ಕೂ ಒಂದು ಮಿತಿ ಇದೆ.

“ಹಂಗಾರೆ ಸಣ್ದೇ ಸಾಕ್. ದೊಡ್ ನೀರಿನ್ ಆಸಿ ಬಿಡ್ಕ್,” ಅಂದರು ಅಪ್ಪಯ್ಯ.

ಮತ್ತೆ ಐದು ಜನ? “ನಾನ್ ದಡದಗೆ ಕೂಕಂತೆ.”

ಸಣ್ಣದನ್ನೇ ತಂದೆವು. ಅಪ್ಪಯ್ಯನನ್ನು ದಡದಲ್ಲಿ ಕೂರಿಸಲಿಲ್ಲ. ಎರಡು ಸರದಿ ಮಾಡಿಕೊಂಡೆವು. ಮೊದಲು ನಾವಿಬ್ಬರು ಮತ್ತು ಮಗಳು. ಆಮೇಲೆ ಅಪ್ಪಯ್ಯ, ಮಗ, ನಾನು. ಮಿಲ್‌ಲ್ಯಾಕ್ಸ್‌ಗೆ ಹೋಗಬೇಕೆನಿಸಿದಾಗ ಇಪ್ಪತ್ತು ಅಡಿಗಿಂತ ದೊಡ್ಡ ದೋಣಿಯಲ್ಲಿ, ಅದನ್ನು ನಡೆಸಿ ರೂಢಿ ಇರುವವರ ಜೊತೆ ಮಾತ್ರ ಎಂದು ಹೆಂಡತಿಗೆ ಮಾತು ಕೊಟ್ಟಿದ್ದೇನೆ. ಹತ್ತು ವರ್ಷದೊಳಗಿನ ಮಕ್ಕಳು ಮಾತ್ರ ಲೈಫ್ ಜಾಕೆಟ್ ತೊಟ್ಟಿರಬೇಕು ಎನ್ನುತ್ತದೆ ಈ ರಾಜ್ಯದ ಕಾನೂನು; ನಮ್ಮ ದೋಣಿಯಲ್ಲಿ ಎಲ್ಲರೂ ತೊಡುತ್ತೇವೆ. ನೀರಿಗೆ ಬಿದ್ದವರತ್ತ ಎಸೆಯುವ ತೇಲುದಿಂಬು 16 ಅಡಿ ಮತ್ತು ಅದಕ್ಕಿಂತ ಉದ್ದದ ದೋಣಿಗೆ ಮಾತ್ರ ಕಡ್ಡಾಯ. ನಾವು ಅದನ್ನೂ ಇಟ್ಟಿದ್ದೇವೆ.

ಜೂನ್‌ನ ಒಂದು ಸಂಜೆ ಎಂಜಿನ್ನಿನ ಹಿಡಿಯನ್ನು ಅಪ್ಪಯ್ಯನ ಕೈಗೆ ಕೊಟ್ಟೆ. ನಡೆಸುವವರು ಆಯತಪ್ಪಿ ಬಿದ್ದರೆ ಎಂಜಿನ್ ತಾನೇ ನಿಲ್ಲುವಂತೆ ಮಾಡುವ ಕೆಂಪು ಸುರುಳಿ ಹಗ್ಗವನ್ನು ಮಗ ಅಜ್ಜನ ಜಾಕೆಟ್ಟಿಗೆ ಸಿಕ್ಕಿಸಿದ. ಅವರು ಹಿಡಿಯ ಕಡೆ ನೋಡಲೇ ಇಲ್ಲ, ಕಣ್ಣು ನೀರಿನ ಮೇಲೇ ಇತ್ತು. ಗಾಳಿಯ ಗೆರೆ ಎದುರಾದ ಕಡೆ ದೋಣಿಯ ಮೂತಿ ಓರೆ ಮಾಡಿ, ಒಂದು ಹನಿ ಒಳಗೆ ಸಿಡಿಯದಂತೆ ದಾಟಿಸಿದರು.

ದಡಕ್ಕೆ ಬಂದು ಟ್ರೈಲರ್ ಏರಿಸಿದ ಮೇಲೆ ನಾನು ಹಿಂಬದಿಯ ತಳದಲ್ಲಿರುವ ಬಿರಡೆ ತೆಗೆದೆ. ಜೀಬ್ರಾ ಮಸಲ್ ಎಂಬ ಹೊರನಾಡಿನ ಚಿಪ್ಪುಜೀವಿ ನೀರಿನ ಜೊತೆ ಒಂದು ಸರೋವರದಿಂದ ಇನ್ನೊಂದಕ್ಕೆ ಹರಡದಿರಲೆಂದು, ಬಿರಡೆ ತೆಗೆದು ನೀರು ಖಾಲಿ ಮಾಡಿಯೇ ದೋಣಿ ಒಯ್ಯಬೇಕು ಎಂಬುದು ಇಲ್ಲಿಯ ಕಾನೂನು. ದೋಣಿಯ ತಳಕ್ಕೆ ಬೇಕೆಂದೇ ತೂತು ಬಿಟ್ಟಿರುವುದನ್ನು ಅಪ್ಪಯ್ಯ ಬಗ್ಗಿ ನೋಡಿದರು. ನೀರು ಪೂರ್ತಿ ಸೋರುವವರೆಗೆ ಕಾದರು. ಆಮೇಲೆ ಬಿರಡೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಗಾಳದ ಪೆಟ್ಟಿಗೆಯಿಂದ ಒಂದು ತುಂಡು ನೈಲಾನ್ ದಾರ ಹುಡುಕಿ, ಬಲೆಗೆ ಹಾಕುವ ಗಂಟಿನಲ್ಲಿ ಅದನ್ನು ಕಾರಿನ ಕೀಲಿಗೆ ಬಿಗಿದು ಕಟ್ಟಿ ವಾಪಸು ಕೊಟ್ಟರು.