ಮಾಲಿನ ಪಟ್ಟಿಯನ್ನು ಅಂತರಜಾಲಕ್ಕೆ ಏರಿಸುವ ಮುನ್ನ



ಬೆಂಗಳೂರಿನ ವಿಲ್ಸನ್ ಗಾರ್ಡನ್ ಬಡಾವಣೆಯ ಪಕ್ಕದಲ್ಲಿ ಹಾಯುವ ದೊಡ್ಡ ರಸ್ತೆಗೆ ತೋಟಗಾರಿಕೆ ತಜ್ಞ ಡಾ. ಎಂ. ಎಚ್. ಮರಿಗೌಡರ ಹೆಸರಿದೆ. ಅಲ್ಲಿಗೆ ಹತ್ತಿರದಲ್ಲೇ, ಲಾಲ್‌ಬಾಗಿನಲ್ಲಿ, ಹಾಪ್‌ಕಾಮ್ಸ್ ಕಚೇರಿಯಿದೆ. 1959ರಲ್ಲಿ ಮರಿಗೌಡರ ಪ್ರಯತ್ನದಿಂದ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಈ ಸಂಸ್ಥೆ ಮುಂದೆ ಎಲ್ಲ ಹಣ್ಣು, ತರಕಾರಿಗಳ ಮಾರಾಟಕ್ಕೂ ಕೈಹಾಕಿತು. ಅದರ ಮಳಿಗೆಗಳಲ್ಲಿ ದಿನದ ದರಪಟ್ಟಿಯ ಹಲಗೆಯನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಆ ದರಪಟ್ಟಿ ಮುಂದೆ ಅಂತರಜಾಲಕ್ಕೂ ಬಂತು.

ಈಗ ಹಳ್ಳಿಯ ರೈತ ಸಂಘಗಳು, ಉತ್ಪಾದಕರ ಕಂಪನಿಗಳು ತಮ್ಮದೇ ಮಾರಾಟ ತಾಣ ಕಟ್ಟಲು ಮುಂದಾಗುತ್ತಿವೆ. ಹೊಸಬರು ಸಾಮಾನ್ಯವಾಗಿ ತಾಣದ ಬಣ್ಣ, ಚಿತ್ರಗಳಿಂದ ಕೆಲಸ ಶುರು ಮಾಡುತ್ತಾರೆ. ಇದು ಸಸಿಮಡಿ ಮಾಡದೆ ನಾಟಿಗೆ ಇಳಿದಂತೆ. ತಾಣಕ್ಕೆ ಆಧಾರ ಪಟ್ಟಿ. ಪಟ್ಟಿ ಸರಿಯಿಲ್ಲದಿದ್ದರೆ ಎಷ್ಟು ಹಣ ಸುರಿದರೂ ವ್ಯರ್ಥ.

ಮೊದಲು ಪುಸ್ತಕ

ಒಂದು ಲೆಕ್ಕದ ಪುಸ್ತಕ ತೆಗೆದುಕೊಳ್ಳಿ. ಮಾಲಿಗೊಂದು ಸಾಲು. ಪ್ರತಿ ಸಾಲಿನಲ್ಲಿ ಕ್ರಮಸಂಖ್ಯೆ, ಹೆಸರು, ತಳಿ, ದರ್ಜೆ, ಅಳತೆ, ದರ, ದಾಸ್ತಾನು ಮತ್ತು ದರ ಬರೆದ ದಿನಾಂಕ ಇರಲಿ. ಅಳತೆಯಲ್ಲಿ ಎಚ್ಚರ ಬೇಕು. ಟೊಮೇಟೊ ಕಿಲೋ ಲೆಕ್ಕ, ಸೊಪ್ಪು ಕಟ್ಟಿನ ಲೆಕ್ಕ, ತೆಂಗಿನಕಾಯಿ ಎಣಿಕೆಯ ಲೆಕ್ಕ. ಕಟ್ಟು ಎಂದರೆ ಎಷ್ಟು ಗ್ರಾಂ ಎಂಬುದನ್ನೂ ಬರೆಯಿರಿ.

ಒಮ್ಮೆ ಕೊಟ್ಟ ಕ್ರಮಸಂಖ್ಯೆಯನ್ನು ಬದಲಿಸಬೇಡಿ, ಬೇರೆ ಮಾಲಿಗೆ ಕೊಡಲೂಬೇಡಿ. ಹೆಸರು ಊರಿಂದೂರಿಗೆ ಬೇರೆಯಾಗುತ್ತದೆ. ಮೈಸೂರು ಸೀಮೆಯ ಈರುಳ್ಳಿ ಧಾರವಾಡದಲ್ಲಿ ಉಳ್ಳಾಗಡ್ಡಿ. ಇಲ್ಲಿಯ ಸೀಬೆ ಅಲ್ಲಿ ಪೇರಲ. ಎರಡು ಹೆಸರನ್ನೂ ಒಂದೇ ಸಾಲಿನಲ್ಲಿ ಬರೆದರೆ, ಯಾವ ಹೆಸರಿನಿಂದ ಹುಡುಕಿದರೂ ಮಾಲು ಸಿಗುತ್ತದೆ.

ಸಾವಿರ ಮಾಲಿಗೆ ಒಂದೇ ಅಚ್ಚು

ಸಾವಿರ ಮಾಲಿದ್ದರೆ ಸಾವಿರ ಪುಟಗಳನ್ನು ಕೈಯಿಂದ ಬರೆಯಬೇಕಿಲ್ಲ. ಪುಟದ ಅಚ್ಚು ಒಂದೇ. ಪಟ್ಟಿಯ ಒಂದೊಂದು ಸಾಲನ್ನು ಅದರೊಳಗೆ ತುಂಬಿ ಯಂತ್ರವೇ ಪುಟ ಮಾಡಿಕೊಡುತ್ತದೆ. ಪುಸ್ತಕದ ಸಾಲುಗಳನ್ನು ಗಣಕಯಂತ್ರದ ಕೋಷ್ಟಕಕ್ಕೆ ಏರಿಸಿದರೆ ಒಟ್ಟಿಗೇ ತಾಣಕ್ಕೆ ಸೇರಿಸಬಹುದು. ವರ್ಡ್‌ಪ್ರೆಸ್ ಮತ್ತು ಅದರ ಜೊತೆಗೆ ಸೇರಿಸುವ ವೂಕಾಮರ್ಸ್ ಎಂಬ ತಂತ್ರಾಂಶಗಳಿಂದ ಈ ಕೆಲಸ ಸಾಧ್ಯ. ಇವು ಉಚಿತ. ಆದರೆ ತಾಣದ ಹೆಸರಿಗೂ ತಾಣವನ್ನು ಇರಿಸುವ ಸರ್ವರ್‌ಗೂ ಬಾಡಿಗೆ ಕಟ್ಟಬೇಕು. ವರ್ಷದ ಖರ್ಚಿನಲ್ಲಿ ಇದನ್ನು ಸೇರಿಸಿಕೊಳ್ಳಿ.

ಮೊದಲು ಇಪ್ಪತ್ತು ಮಾಲು ಹಾಕಿ ನೋಡಿ. ಕಡಿಮೆ ಬೆಲೆಯ ಫೋನಿನಲ್ಲಿ, ಸಿಗ್ನಲ್ ಕಡಿಮೆ ಇರುವ ಕಡೆ ತೆರೆದು ಪರೀಕ್ಷಿಸಿ. ಪುಟ ತಡವಾಗಿ ಬಂದರೆ ಚಿತ್ರಗಳ ಗಾತ್ರ ಇಳಿಸಿ. ತಪ್ಪು ತಿದ್ದಿದ ಮೇಲೆ ಉಳಿದ ಸಾಲುಗಳನ್ನು ಏರಿಸಿ.

ಬೀಗದ ಕೈ ಯಾರಲ್ಲಿ?

ತಾಣದ ಹೆಸರನ್ನು ಸಂಘದ ಹೆಸರಿನಲ್ಲೇ ನೋಂದಾಯಿಸಿ. ಕಟ್ಟಿಕೊಟ್ಟ ಹುಡುಗನ ಹೆಸರು, ಫೋನ್ ಸಂಖ್ಯೆಯಲ್ಲಿ ನೋಂದಣಿಯಾಗಿದ್ದು, ಆತ ಬೇರೆ ಕೆಲಸ ಹಿಡಿದು ಊರು ಬಿಟ್ಟರೆ ಕಟ್ಟಿದ್ದೆಲ್ಲ ಕೈತಪ್ಪೀತು. ಪಾಸ್‌ವರ್ಡ್ ಕಾರ್ಯದರ್ಶಿಯಲ್ಲೂ ಇನ್ನೊಬ್ಬ ನಿರ್ದೇಶಕರಲ್ಲೂ ಇರಲಿ. ವಾರಕ್ಕೊಮ್ಮೆ ಇಡೀ ಪಟ್ಟಿಯ ನಕಲು ತೆಗೆದು ಬೇರೆಡೆ ಇಡಿ.

ಬೆಳಗಿನ ಕೆಲಸ

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ದಿನವೂ ಬೆಳಿಗ್ಗೆ ದರ, ದಾಸ್ತಾನು ತಿದ್ದುವವರು ಯಾರು? ಅವರು ಊರಲ್ಲಿಲ್ಲದ ದಿನ ಯಾರು? ಈ ಎರಡು ಹೆಸರು ಗೊತ್ತಾಗುವವರೆಗೆ ತಾಣ ತೆರೆಯಬೇಡಿ. ನೂರು ಕಿಲೋ ಬೀನ್ಸ್ ಇದೆಯೆಂದು ಪಟ್ಟಿಯಲ್ಲಿ ಕಂಡು ಹೋಟೆಲಿನವರು ಬೇಡಿಕೆ ಕಳಿಸುತ್ತಾರೆ. ಮಾಲು ನಿನ್ನೆಯೇ ಮುಗಿದಿರುತ್ತದೆ. ಹಾಗೆ ಒಮ್ಮೆ ಮೋಸಹೋದ ಗಿರಾಕಿ ಮತ್ತೆ ಬರುವುದು ಕಷ್ಟ. ಅದರ ನಷ್ಟ ಬರೀ ಸಂಘದ್ದಲ್ಲ. ಮರುದಿನ ಕಾಯಿ ಕೊಯ್ದು ತಂದ ರೈತನ ಬುಟ್ಟಿ ಮಾರಾಟವಾಗದೆ ಉಳಿಯುತ್ತದೆ.

ಆದ್ದರಿಂದ ಬರುವ ಸಭೆಯಲ್ಲಿ ತಾಣದ ಮಾತೆತ್ತುವ ಮೊದಲು ಪುಸ್ತಕ ತೆರೆಯಿರಿ. ಒಂದು ತಿಂಗಳು ತಪ್ಪದೆ ದಿನವೂ ದರ, ದಾಸ್ತಾನು ಬರೆದು ನೋಡಿ. ಅಷ್ಟು ನಡೆಸಿಕೊಂಡು ಹೋದ ಸಂಘ ಧೈರ್ಯವಾಗಿ ತಾಣ ಕಟ್ಟಬಹುದು.