ಬೆರಳ ಮೇಲಿನ ಕಪ್ಪು ಗೆರೆ

ಒಂದು ದೇಶದ ಪ್ರಜಾಪ್ರಭುತ್ವವನ್ನು ಬಲಪಡಿಸುವುದರಲ್ಲಿ ಇನ್ನೊಂದು ದೇಶ ಮಾಡಬಹುದಾದುದೇನು? ಈ ಪ್ರಶ್ನೆಯನ್ನೆತ್ತಿದೊಡನೆ ನಮ್ಮ ಮನಸ್ಸು ವಿಶ್ವಸಂಸ್ಥೆಯ ಸಭಾಂಗಣಗಳ ಕಡೆಗೆ, ಶ್ರೀಮಂತ ರಾಷ್ಟ್ರಗಳ ಧನಸಹಾಯದ ಕಡೆಗೆ ಹರಿಯುತ್ತದೆ. ಅಷ್ಟು ದೂರ ಹೋಗಬೇಕಾದುದಿಲ್ಲ. ಮಾಗಡಿ ರಸ್ತೆಯ ನಮ್ಮ ಬ್ಯಾಡರಹಳ್ಳಿಯಲ್ಲಿ ಮತ ಹಾಕಿ ಹೊರಬರುವ ಗೃಹಿಣಿಯ ತೋರುಬೆರಳಿನ ಕಪ್ಪು ಗೆರೆಯೂ ಕಾಂಬೋಡಿಯಾದ ರೈತನ ಬೆರಳಿಗೆ ಹತ್ತಿದ ಕಪ್ಪೂ ಒಂದೇ ಊರಿನಿಂದ ಹೊರಟವು. ಆ ಊರು ಮೈಸೂರು.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣಗಳ ತಯಾರಿಕೆಗೆಂದು ಮೈಸೂರಿನಲ್ಲೊಂದು ಕಾರ್ಖಾನೆ ಸ್ಥಾಪಿತವಾಯಿತು. ಸ್ವಾತಂತ್ರ್ಯಾನಂತರ ಅದು ಸರ್ಕಾರದ ಉದ್ಯಮವಾಯಿತು. ಇಂದು ಅದರ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಲಿಮಿಟೆಡ್. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸೂತ್ರವನ್ನನುಸರಿಸಿ ಈ ಕಾರ್ಖಾನೆ ತಯಾರಿಸಿದ ಅಳಿಸಲಾಗದ ಶಾಯಿ 1962ರ ಮಹಾಚುನಾವಣೆಯಲ್ಲಿ ಬಳಕೆಗೆ ಬಂದಿತು. ಅರಸನೊಬ್ಬನ ಆಳ್ವಿಕೆಯಲ್ಲಿ ಹುಟ್ಟಿದ ಕಾರ್ಖಾನೆ ಪ್ರಜೆಗಳ ಆಳ್ವಿಕೆಗೆ ಮುದ್ರೆಯೊತ್ತುವಂತಾದುದು ಇತಿಹಾಸದ ಸೊಗಸಾದ ತಿರುವುಗಳಲ್ಲೊಂದು.

ಶಾಯಿಯ ಪೂರ್ಣಸೂತ್ರ ಇಂದಿಗೂ ರಹಸ್ಯವೇ. ಆದರೆ ಅದರ ಮುಖ್ಯ ದ್ರವ್ಯ ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ಲವಣ. ಅದು ಚರ್ಮದ ಮೇಲಿನ ಉಪ್ಪಿನೊಡನೆ ಬೆರೆತು, ಬೆಳಕು ತಗುಲಿದೊಡನೆ ಕಪ್ಪಾಗುತ್ತದೆ. ಸಾಬೂನಿಗೂ ನೀರಿಗೂ ಅದು ಜಗ್ಗುವುದಿಲ್ಲ. ಹಳೆಯ ಚರ್ಮ ಉದುರಿ, ಉಗುರು ಬೆಳೆದು ಮುಂದೆ ಸರಿದಾಗಲೇ ಗುರುತು ಮಾಯವಾಗುವುದು. ಅಕ್ಷರ ಬಲ್ಲವನಿಗೂ ಬಾರದವನಿಗೂ, ಧನಿಕನಿಗೂ ಕೂಲಿಯವನಿಗೂ ಒಂದೇ ಗೆರೆ. ಒಬ್ಬನಿಗೆ ಒಂದೇ ಮತ ಎಂಬ ಸಂವಿಧಾನದ ತತ್ತ್ವವನ್ನು ಇದಕ್ಕಿಂತ ಸರಳವಾಗಿ ಬರೆದು ತೋರಿಸಲು ಸಾಧ್ಯವೆ?

ಈ ಶಾಯಿ ಇಪ್ಪತ್ತೈದಕ್ಕೂ ಹೆಚ್ಚು ದೇಶಗಳಿಗೆ ಹೋಗಿದೆ. ಕೆಲವೆಡೆ ಬೆರಳನ್ನೇ ಅದರಲ್ಲಿ ಅದ್ದುತ್ತಾರೆ. ಕೆಲವೆಡೆ ಕುಂಚದಿಂದ ಬಳಿಯುತ್ತಾರೆ. ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ತಯಾರಿಸಿದ ಮತಯಂತ್ರಗಳೂ ಸಮುದ್ರ ದಾಟಿವೆ. 2014ರಲ್ಲಿ ನಮೀಬಿಯಾ ದೇಶ ಅವುಗಳಿಂದ ರಾಷ್ಟ್ರೀಯ ಚುನಾವಣೆ ನಡೆಸಿತು. ಕೇಳುಗರಿಗೆ ಇದರಿಂದ ಹೆಮ್ಮೆಯೆನಿಸುವುದು ಸಹಜ. ಆದರೆ ಹೆಮ್ಮೆಯೊಡನೆ ವಿವೇಕವೂ ಬೇಕು.

ಇಲ್ಲಿ ಒಂದು ಹಳೆಯ ನಿದರ್ಶನವನ್ನು ನೆನೆಯೋಣ. ನಮ್ಮ ಪ್ರಥಮ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ ಸೇನರು 1953ರಲ್ಲಿ ಸೂಡಾನಿಗೆ ಹೋಗಿ, ಅಲ್ಲಿನ ಮೊದಲ ಸಂಸದೀಯ ಚುನಾವಣೆಯ ಆಯೋಗಕ್ಕೆ ಅಧ್ಯಕ್ಷರಾದರು. ಚುನಾವಣೆ ನಡೆಯಿತು, ಸರ್ಕಾರ ರಚಿತವಾಯಿತು, 1956ರಲ್ಲಿ ದೇಶ ಸ್ವತಂತ್ರವೂ ಆಯಿತು. ಆದರೆ 1958ರಲ್ಲಿ ಸೇನೆ ಅಧಿಕಾರವನ್ನು ಕಿತ್ತುಕೊಂಡಿತು. ಚುನಾವಣೆಯ ಕಲೆಯನ್ನು ಹೊರಗಿನವರು ಕಲಿಸಿಕೊಡಬಲ್ಲರು. ಚುನಾಯಿತ ಸಭೆಯನ್ನು ಕಾಯುವ ಕೆಲಸ ಆ ನಾಡಿನ ಜನರದೇ.

ಅಫ್ಘಾನಿಸ್ತಾನದ 2004ರ ಅಧ್ಯಕ್ಷೀಯ ಚುನಾವಣೆಗೆ ವಿಶ್ವಸಂಸ್ಥೆಯ ಬೆಂಬಲವಿತ್ತು. ಆದರೂ ಕೆಲವು ಮತಗಟ್ಟೆಗಳಲ್ಲಿ ತಪ್ಪು ಲೇಖನಿಗಳ ಬಳಕೆಯಿಂದ ಬೆರಳ ಗುರುತು ಅಳಿಸಿಹೋಗುತ್ತಿದೆಯೆಂಬ ದೂರು ಎದ್ದಿತು. ಮತದಾನದ ದಿನವೇ ಹಲವು ಅಭ್ಯರ್ಥಿಗಳು ಬಹಿಷ್ಕಾರ ಘೋಷಿಸಿದರು. ತನಿಖೆಯಾದ ಬಳಿಕ ಫಲಿತಾಂಶವೇನೋ ಊರ್ಜಿತವಾಯಿತು. ಆದರೂ ಒಂದು ಹನಿ ಶಾಯಿಯ ಮೇಲಿನ ಸಂಶಯ ಇಡೀ ಚುನಾವಣೆಯನ್ನು ಅಲುಗಿಸಬಲ್ಲದೆಂಬುದನ್ನು ಜಗತ್ತು ಕಂಡಿತು.

ನಮೀಬಿಯಾದ ಕಥೆ ಇನ್ನೂ ಬೋಧಪ್ರದ. ಕಾಗದದ ದಾಖಲೆಯಿಲ್ಲದೆ ಮತಯಂತ್ರ ಬಳಸುವುದು ಸಂವಿಧಾನಕ್ಕೆ ವಿರುದ್ಧವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ತೀರ್ಪಿತ್ತಿತು. ಇದನ್ನು ನಮಗಾದ ಅವಮಾನವೆಂದು ತಿಳಿಯಬೇಕಾಗಿಲ್ಲ. ಮತಯಂತ್ರಕ್ಕೆ ಕಾಗದದ ದಾಖಲೆಯನ್ನು ಜೋಡಿಸಬೇಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವೇ 2013ರಲ್ಲಿ ಹೇಳಿತ್ತು. ಹೊರಗಿನಿಂದ ಬಂದ ಸಾಧನವನ್ನು ತನ್ನ ನೆಲದ ನ್ಯಾಯದ ಒರೆಗಲ್ಲಿಗೆ ತಿಕ್ಕಿ ನೋಡುವ ಧೈರ್ಯ ಒಂದು ದೇಶಕ್ಕಿದ್ದರೆ, ಅಲ್ಲಿ ಪ್ರಜಾಪ್ರಭುತ್ವ ಬೇರು ಬಿಟ್ಟಿದೆಯೆಂದೇ ಅರ್ಥ.

ಸಹಾಯ ಕೊಟ್ಟವರಷ್ಟೇ ಅಲ್ಲ, ಪಡೆದವರೂ ನಾವೇ. ವಿಶ್ವಬ್ಯಾಂಕಿನ ನೆರವಿನ ‘ಗ್ರಾಮಸ್ವರಾಜ್’ ಯೋಜನೆ 2006ರಲ್ಲಿ ಕರ್ನಾಟಕದ ಹಿಂದುಳಿದ ತಾಲ್ಲೂಕುಗಳ ಪಂಚಾಯಿತಿಗಳಿಗೆ ಬಂದಿತು. ಆದರೆ ಆ ಹಣ ಬರುವ ಎಷ್ಟೋ ಮೊದಲೇ, ಅಬ್ದುಲ್ ನಜೀರ್ ಸಾಬರ ಶ್ರಮದಿಂದ ರೂಪುಗೊಂಡ ಶಾಸನದಂತೆ 1987ರಲ್ಲಿ ಇಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ಚುನಾವಣೆ ನಡೆದಿತ್ತು. ಹೊಲವನ್ನು ಉತ್ತವರು ನಾವು. ನೀರು ಹೊರಗಿನಿಂದಲೂ ಬಂದಿತು. ಉಳದ ಹೊಲಕ್ಕೆ ಎಷ್ಟು ನೀರು ಹರಿಸಿದರೂ ಬೆಳೆಯುವುದು ಕಳೆಯೇ.

ಬೆರಳ ಗೆರೆ ಒಬ್ಬನು ಎರಡು ಸಲ ಮತ ಹಾಕುವುದನ್ನು ತಡೆಯುತ್ತದೆ. ಆದರೆ ಮತಕ್ಕೆ ಹಣ ಹಂಚುವ ಕೈಯನ್ನು ಅದು ತಡೆಯದು. ಗೆದ್ದವನು ಕೊಟ್ಟ ಮಾತನ್ನು ಮರೆಯುವುದನ್ನೂ ತಡೆಯದು. ಕಛೇರಿಯಲ್ಲಿ ಬಡವನ ಅರ್ಜಿಗೆ ಸಕಾಲದಲ್ಲಿ ಉತ್ತರ ದೊರೆಯುವುದು, ಗ್ರಾಮಸಭೆಯಲ್ಲಿ ಲೆಕ್ಕ ಕೇಳಿದವನಿಗೆ ಲೆಕ್ಕ ಸಿಗುವುದು, ಇವೇ ಸುಶಾಸನದ ಲಕ್ಷಣಗಳು. ಇವನ್ನು ಸೀಸೆಯಲ್ಲಿ ತುಂಬಿ ರಫ್ತು ಮಾಡಲಾಗದು, ಆಮದು ಮಾಡಿಕೊಳ್ಳಲೂ ಆಗದು. ಗೆರೆ ಕೆಲವೇ ವಾರಗಳಲ್ಲಿ ಅಳಿಯುತ್ತದೆ. ಅದು ನೆನಪಿಸಿದ ಹೊಣೆ ಮುಂದಿನ ಚುನಾವಣೆಯವರೆಗೂ ನಮ್ಮದೇ.