ಚಿಕ್ಕ ಕೊಳದಲ್ಲಿ ಎದುರು ಹರಿವು: ಈಜು ಜೆಟ್‌ನ ಪೈಪು ಕೆಲಸ

ಮನೆಯ ಈಜುಕೊಳದ ಗೋಡೆಯಿಂದ ಈಜುವವರ ಎದುರಿಗೆ ರಭಸವಾಗಿ ನೀರು ಹಾಯಿಸುವ ಸಾಧನವೇ ಈಜು ಜೆಟ್. ಪಂಪು ಕೊಳದ ನೀರನ್ನೇ ಎಳೆದುಕೊಂಡು, ಕಿರಿದಾದ ನಾಜಲ್ ಮೂಲಕ ಮತ್ತೆ ಕೊಳಕ್ಕೇ ಚಿಮ್ಮಿಸುತ್ತದೆ. ಎದುರು ಬರುವ ನೀರಿನ ವೇಗ ಮತ್ತು ಈಜಿನ ವೇಗ ಸಮವಾದರೆ ಈಜುವವರು ಕೈಕಾಲು ಬಡಿಯುತ್ತ ಇದ್ದಲ್ಲೇ ಇರುತ್ತಾರೆ. ಐದು ಮೀಟರಿನ ಕೊಳದಲ್ಲಿ ಗೋಡೆ ಮುಟ್ಟಿ ತಿರುಗದೆ ಅರ್ಧ ಗಂಟೆ ಈಜಬಹುದು.

ಬಳ್ಳಾರಿಯಲ್ಲಿ ಈ ಸಾಧನದ ದೊಡ್ಡ ಲಾಭ ನೀರಿನ ಉಳಿತಾಯ. ಇಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನಗರವು ನೀರಿಗಾಗಿ ತುಂಗಭದ್ರಾ ಕಾಲುವೆಗಳನ್ನು ನೆಚ್ಚಿಕೊಂಡಿದೆ. 25 ಮೀಟರ್ ಉದ್ದ, 2.5 ಮೀಟರ್ ಅಗಲ, 1.3 ಮೀಟರ್ ಆಳದ ಕೊಳ ತುಂಬಲು 81,000 ಲೀಟರಿಗೂ ಹೆಚ್ಚು ನೀರು ಬೇಕು. ಉದ್ದವನ್ನು 5 ಮೀಟರಿಗೆ ಇಳಿಸಿದರೆ ಸುಮಾರು 16,000 ಲೀಟರ್ ಸಾಕು. ಬಿಸಿಲಿಗೆ ದಿನಕ್ಕೆ ಒಂದು ಸೆಂಟಿಮೀಟರ್ ನೀರು ಆರಿಹೋದರೆ ದೊಡ್ಡ ಕೊಳಕ್ಕೆ 625 ಲೀಟರ್, ಚಿಕ್ಕದಕ್ಕೆ 125 ಲೀಟರ್ ತುಂಬಬೇಕಾಗುತ್ತದೆ. ಆದರೆ ಪೈಪು ಕೆಲಸ ಸರಿಯಾಗಿದ್ದರೆ ಮಾತ್ರ ಚಿಕ್ಕ ಕೊಳ ದೊಡ್ಡ ಕೊಳದ ಕೆಲಸ ಮಾಡುತ್ತದೆ.

ಹವ್ಯಾಸಕ್ಕೆ ಈಜುವವರ ವೇಗ ಸೆಕೆಂಡಿಗೆ ಸುಮಾರು ಒಂದು ಮೀಟರ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚೀನಾದ ಪಾನ್ ಝಾನ್ಲೆ 100 ಮೀಟರನ್ನು 46.40 ಸೆಕೆಂಡಿನಲ್ಲಿ ಈಜಿದರು. ಅದು ಸೆಕೆಂಡಿಗೆ 2.16 ಮೀಟರ್. ಮನೆಯ ಜೆಟ್ ಈ ಎರಡರ ನಡುವಿನ ವೇಗ ಕೊಟ್ಟರೆ ಸಾಕು. ಒಂದು ಪಂಪು ಗಂಟೆಗೆ 54 ಘನ ಮೀಟರ್, ಅಂದರೆ ಸೆಕೆಂಡಿಗೆ 15 ಲೀಟರ್ ನೀರನ್ನು 40 ಮಿಲಿಮೀಟರ್ ವ್ಯಾಸದ ನಾಜಲ್ ಮೂಲಕ ತಳ್ಳುತ್ತದೆ ಎಂದುಕೊಳ್ಳೋಣ. ಬಾಯಿಂದ ಹೊರಬೀಳುವಾಗ ನೀರಿನ ವೇಗ ಸೆಕೆಂಡಿಗೆ ಸುಮಾರು 12 ಮೀಟರ್. ಈ ತೆಳುಧಾರೆ ಮುಂದೆ ಸಾಗುತ್ತ ಅಕ್ಕಪಕ್ಕದ ನಿಂತ ನೀರನ್ನೂ ತನ್ನೊಡನೆ ಎಳೆದುಕೊಳ್ಳುತ್ತದೆ. ಧಾರೆ ಅಗಲವಾಗುತ್ತದೆ, ವೇಗ ಇಳಿಯುತ್ತದೆ. ಒಟ್ಟು ಸಂವೇಗ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಎರಡು ಮೀಟರ್ ದೂರದಲ್ಲಿ ಚಲಿಸುವ ನೀರು ಮೊದಲಿನ ಹದಿನಾರು ಪಟ್ಟು. ಧಾರೆಯ ನಡುವಿನ ವೇಗ ಅಲ್ಲಿ ಸೆಕೆಂಡಿಗೆ 1.4 ಮೀಟರ್, ಮೂರು ಮೀಟರ್ ದೂರದಲ್ಲಿ ಒಂದಕ್ಕಿಂತ ತುಸು ಕಡಿಮೆ. ಹಾಗಾಗಿ ಈಜುವವರು ಹಿಂದೆ ಮುಂದೆ ಸರಿದು ತಮಗೆ ಹೊಂದುವ ವೇಗ ಹುಡುಕಿಕೊಳ್ಳಬಹುದು. ಗೋಡೆಗಳು ಹತ್ತಿರವಿದ್ದಷ್ಟೂ ಮರಳಿ ಬರುವ ಹರಿವು ಧಾರೆಯನ್ನು ತಡೆಯುವುದರಿಂದ ನಿಜದ ವೇಗ ಈ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ. ನಾಜಲ್ ಅನ್ನು ಕಿರಿಗೋಡೆಯ ಮಧ್ಯದಲ್ಲಿ, ನೀರಿನ ಮಟ್ಟದಿಂದ 25–30 ಸೆಂಟಿಮೀಟರ್ ಕೆಳಗೆ ಕೂರಿಸುವುದು ರೂಢಿ.

ಪೈಪಿನ ಅಳತೆಯಲ್ಲಿ ಮಾಡಿದ ಜಿಪುಣತನ ಪಂಪಿನ ಶಕ್ತಿಯನ್ನು ನುಂಗಿಹಾಕುತ್ತದೆ. ಸೆಕೆಂಡಿಗೆ 15 ಲೀಟರ್ ನೀರು 63 ಮಿಲಿಮೀಟರ್ ಪಿವಿಸಿ ಪೈಪಿನಲ್ಲಿ ಹೋದರೆ ವೇಗ ಸೆಕೆಂಡಿಗೆ ಆರು ಮೀಟರಿನಷ್ಟಾಗುತ್ತದೆ. 110 ಮಿಲಿಮೀಟರ್ ಪೈಪಿನಲ್ಲಿ 1.8 ಮೀಟರ್ ಮಾತ್ರ. ಹರಿವು ಅಷ್ಟೇ ಇದ್ದು ಒಳವ್ಯಾಸ ಅರ್ಧವಾದರೆ ಘರ್ಷಣೆಯ ನಷ್ಟ ಸುಮಾರು 32 ಪಟ್ಟು ಏರುತ್ತದೆ. ಆದ್ದರಿಂದ ಸಕ್ಷನ್ ಬದಿಯಲ್ಲಿ ವೇಗ ಸೆಕೆಂಡಿಗೆ 1.8 ಮೀಟರ್, ಡೆಲಿವರಿ ಬದಿಯಲ್ಲಿ 2.4 ಮೀಟರ್ ಮೀರದಂತೆ ಪೈಪು ಆರಿಸುತ್ತಾರೆ. ಪಂಪು ಜೆಟ್‌ಗೆ ಹತ್ತಿರವಿರಬೇಕು. ಒಂದು ಲಂಬಕೋನದ ಎಲ್ಬೋ ಬದಲು ಎರಡು 45 ಡಿಗ್ರಿ ಬೆಂಡು ಹಾಕಿದರೆ ನೀರು ಸರಾಗವಾಗಿ ತಿರುಗುತ್ತದೆ. ಜೆಟ್‌ನ ಪಂಪನ್ನು ಫಿಲ್ಟರಿನ ಪಂಪಿನಿಂದ ಬೇರೆಯಾಗಿಯೇ ಇಡಬೇಕು, ಏಕೆಂದರೆ ಮನೆಕೊಳದ ಮರಳು ಫಿಲ್ಟರು ಇಷ್ಟು ಹರಿವನ್ನು ತಾಳುವುದಿಲ್ಲ.

ನೀರು ಎಳೆದುಕೊಳ್ಳುವ ಬಾಯಿಗಳಲ್ಲಿ ಜೀವಕ್ಕೇ ಅಪಾಯವಿದೆ. 20 ಸೆಂಟಿಮೀಟರ್ ವ್ಯಾಸದ ಒಂದೇ ಜಾಲರಿಯನ್ನು ಮಗುವಿನ ಬೆನ್ನು ಮುಚ್ಚಿ, ಒಳಗಿನ ಒತ್ತಡ ಅರ್ಧ ಬಾರ್ ಇಳಿದರೆ ಸುಮಾರು 160 ಕಿಲೋ ತೂಕದ ಬಲ ಅದನ್ನು ಹಿಡಿದಿಡುತ್ತದೆ. ಯಾರೂ ಕೈಯಿಂದ ಬಿಡಿಸಲಾರರು. 2002ರಲ್ಲಿ ಅಮೆರಿಕದಲ್ಲಿ ವರ್ಜೀನಿಯಾ ಗ್ರೇಮ್ ಬೇಕರ್ ಎಂಬ ಬಾಲಕಿ ಹೀಗೆ ಸಿಕ್ಕಿಕೊಂಡು ಸತ್ತಳು. ಅವಳ ಹೆಸರಿನಲ್ಲೇ 2007ರಲ್ಲಿ ಅಲ್ಲಿ ಕೊಳಗಳ ಸುರಕ್ಷತೆಯ ಕಾನೂನು ಬಂತು. ಪರಿಹಾರ ಸರಳವಾಗಿದೆ. ಕನಿಷ್ಠ ಒಂದು ಮೀಟರ್ ಅಂತರದಲ್ಲಿ ಎರಡು ಬಾಯಿ ಇಟ್ಟು, ಎರಡೂ ಪೈಪನ್ನು ಸಮ ಉದ್ದದಲ್ಲಿ ತಂದು ಟೀ ಮೂಲಕ ಸೇರಿಸಬೇಕು. ಒಂದು ಮುಚ್ಚಿದರೂ ಇನ್ನೊಂದರಿಂದ ನೀರು ಬರುತ್ತದೆ. ಜಾಲರಿಯಲ್ಲಿ ನೀರಿನ ವೇಗ ಸೆಕೆಂಡಿಗೆ ಅರ್ಧ ಮೀಟರ್ ಮೀರದಿರಲು ಪ್ರತಿ ಜಾಲರಿಯ ತೆರವು ಒಂದೊಂದೇ ಇಡೀ ಹರಿವಿಗೆ ಸಾಲುವಂತೆ 300 ಚದರ ಸೆಂಟಿಮೀಟರ್ ಇರಬೇಕು. ಉಬ್ಬಿದ ಮೈಯ, ಕೂದಲು ಸಿಕ್ಕಿಕೊಳ್ಳದ ಜಾಲರಿಯನ್ನು ಸ್ಕ್ರೂ ಹಾಕಿ ಬಿಗಿಯಬೇಕು. ಅದು ಮುರಿದಿದ್ದರೆ ಪಂಪು ಹಾಕಲೇಬಾರದು.

ಇಷ್ಟು ಹರಿವಿಗೆ ಮೂರರಿಂದ ನಾಲ್ಕು ಎಚ್‌ಪಿ ಮೋಟಾರು ಬೇಕಾಗುತ್ತದೆ. ತ್ರೀ ಫೇಸ್ ಸಂಪರ್ಕವಿದ್ದರೆ ಒಳ್ಳೆಯದು. ವೇಗ ಬದಲಿಸುವ ಡ್ರೈವ್ ಹಾಕಿ ಮೋಟಾರನ್ನು ಶೇಕಡಾ 70ರ ವೇಗದಲ್ಲಿ ಓಡಿಸಿದರೆ ಶಕ್ತಿಯ ಬಳಕೆ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಕೊಳದ ಅಂಚಿನ ಸ್ವಿಚ್ಚು ಗಾಳಿಯ ಒತ್ತಡದಿಂದ ಕೆಲಸ ಮಾಡುವಂಥದ್ದಾಗಿರಬೇಕು. ಒದ್ದೆ ಕೈಗೆ ಸಿಗುವಲ್ಲಿ ವಿದ್ಯುತ್ ಸುಳಿಯಬಾರದು. ಅರ್ಥಿಂಗ್ ಜೊತೆಗೆ 30 ಮಿಲಿ ಆಂಪಿಯರ್ ಸೋರಿಕೆಗೇ ಸಂಪರ್ಕ ಕಡಿಯುವ ಬ್ರೇಕರ್ ಕಡ್ಡಾಯ.

ನೆಲ ಬದಲಾದಂತೆ ಪೈಪು ಹೂಳುವ ಕ್ರಮವೂ ಬದಲಾಗುತ್ತದೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸುತ್ತ ಎರೆ ಭೂಮಿ ಹೆಚ್ಚು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಒಂದು ಜೋಡಣೆ ಸೋರಿದರೆ ಅಲ್ಲಿಯ ಮಣ್ಣು ಉಬ್ಬಿ ಆ ಜೋಡಣೆಯನ್ನೇ ಇನ್ನಷ್ಟು ಎಳೆಯುತ್ತದೆ. ಅದಕ್ಕೆ ಪೈಪಿನ ಸಾಲಿನ ಎರೆಯನ್ನು ತೆಗೆದು, ಗರಸು ತುಂಬಿ ಧಮ್ಮಸ್ಸು ಮಾಡಿ, ಮರಳ ಹಾಸಿಗೆಯ ಮೇಲೆ ಪೈಪು ಮಲಗಿಸಬೇಕು. ಕಾಲುವೆ ಕೆಳಗಿನ ಭತ್ತದ ಗದ್ದೆಗಳ ಬಳಿ ನೆಲದಡಿಯ ನೀರು ಮೇಲೆ ಬರುವುದರಿಂದ ಪಂಪಿನ ಗುಂಡಿಗೆ ನೀರು ಹೊರಹಾಕುವ ಚಿಕ್ಕ ಪಂಪೂ ಬೇಕು. ಕುರುಗೋಡಿನ ಗುಡ್ಡಗಳ ಬಳಿ, ಬಳ್ಳಾರಿ ಗುಡ್ಡದ ಸುತ್ತ ಕಷ್ಟ ಬೇರೆ: ಸ್ವಲ್ಪ ಅಗೆದರೆ ಗ್ರಾನೈಟ್ ಬಂಡೆ. ಅಲ್ಲಿ ಕೊಳವನ್ನು ನೆಲದಿಂದ ಕೊಂಚ ಎತ್ತರಿಸಿ ಕಟ್ಟಿದರೆ ಆಳವಾಗಿ ಅಗೆಯದೆಯೇ ಪಂಪು ನೀರಿನ ಮಟ್ಟಕ್ಕಿಂತ ಕೆಳಗಿರುತ್ತದೆ, ನೀರು ತಾನಾಗಿ ಪಂಪಿಗೆ ಇಳಿಯುತ್ತದೆ. ಇಂಥ ಪಂಪಿನ ಎರಡೂ ಬದಿಗೆ ವಾಲ್ವು ಇಲ್ಲದಿದ್ದರೆ ರಿಪೇರಿಗೆ ಕೊಳವನ್ನೇ ಬರಿದು ಮಾಡಬೇಕಾಗುತ್ತದೆ. ಬಿಸಿಲಿಗೆ ತೆರೆದ ಪಿವಿಸಿ ಪೈಪು ಪೆಡಸಾಗುವುದರಿಂದ ಅದನ್ನು ಮುಚ್ಚಿಡಬೇಕು.

ಕೊಳವೆಬಾವಿಯ ಗಡಸು ನೀರು ನಾಜಲ್ ಬಾಯಿಗೆ ಸುಣ್ಣದ ಪದರ ಕಟ್ಟುತ್ತದೆ. ಸುತ್ತಲೂ ಒಂದು ಮಿಲಿಮೀಟರ್ ಕಟ್ಟಿದರೆ ಬಾಯಿಯ ವಿಸ್ತೀರ್ಣ ಹತ್ತರಲ್ಲಿ ಒಂದು ಪಾಲು ಕುಗ್ಗುತ್ತದೆ. ಅನೇಕ ಜೆಟ್‌ಗಳಲ್ಲಿ ಧಾರೆಗೆ ಗಾಳಿ ಬೆರೆಸುವ ಸಣ್ಣ ಪೈಪು ಇರುತ್ತದೆ. ಗಾಳಿ ಬೆರೆತರೆ ನೀರಿನ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿಎಚ್ ಏರುತ್ತದೆ, ಸುಣ್ಣ ಇನ್ನೂ ಬೇಗ ಕೂರುತ್ತದೆ. ಹೀಗಾಗಿ ಈಜುವಾಗ ಗಾಳಿಯ ವಾಲ್ವು ಮುಚ್ಚಿರಲಿ, ಪಿಎಚ್ 7.2ರಿಂದ 7.6ರ ಒಳಗಿರಲಿ.

ಕಾಂಕ್ರೀಟು ಹಾಕುವ ಮೊದಲೇ ಪರೀಕ್ಷೆ ಮುಗಿಯಬೇಕು. ಸಾಲ್ವೆಂಟ್ ಸಿಮೆಂಟ್ ಚೆನ್ನಾಗಿ ಒಣಗಿದ ಮೇಲೆ ಪೈಪಿನ ತುದಿಗಳನ್ನು ಮುಚ್ಚಿ, ನೀರು ತುಂಬಿ, ಎರಡು ಬಾರ್ ಒತ್ತಡದಲ್ಲಿ 24 ಗಂಟೆ ಬಿಡುತ್ತಾರೆ. ಒತ್ತಡಕ್ಕೆ ಗಾಳಿ ಬಳಸಬಾರದು. ಪೈಪು ಒಡೆದರೆ ಚೂರುಗಳು ಸಿಡಿಯುತ್ತವೆ. ಕಾಂಕ್ರೀಟು ಸುರಿಯುವಾಗಲೂ ಮಾಪಕದ ಮೇಲೆ ಕಣ್ಣಿದ್ದರೆ ಪೆಟ್ಟು ಬಿದ್ದ ಜೋಡಣೆ ಆಗಲೇ ಗೊತ್ತಾಗುತ್ತದೆ. ಧಾರೆ ಹೊರಬೀಳುವಾಗ ಗೋಡೆಯನ್ನು ಸುಮಾರು 18 ಕಿಲೋ ತೂಕದ ಬಲದಿಂದ ಹಿಂದಕ್ಕೆ ಒತ್ತುವುದರಿಂದ ಜೆಟ್‌ನ ಚೌಕಟ್ಟನ್ನು ಕಬ್ಬಿಣದ ಸರಳುಗಳಿಗೆ ಭದ್ರವಾಗಿ ಬಿಗಿದಿರಬೇಕು. ಕೊಳ ತುಂಬಿದ ಮೇಲೆ ಮೋಟಾರು ಸರಿಯಾದ ದಿಕ್ಕಿಗೆ ತಿರುಗುತ್ತಿದೆಯೇ, ಅದು ಎಳೆಯುವ ಕರೆಂಟು ಫಲಕದಲ್ಲಿ ಬರೆದಷ್ಟೇ ಇದೆಯೇ, ಎರಡೂ ಜಾಲರಿಗಳಲ್ಲಿ ಸೆಳೆತ ಸಮವಾಗಿದೆಯೇ ಎಂದು ನೋಡಿದ ಮೇಲಷ್ಟೇ ಕೊಳ ಈಜಿಗೆ ಸಿದ್ಧ.